ಅರ್ಧ ಮಿಲಿಮೀಟರ್

ತಂಗಿಯ ಮಗಳ ಮದುವೆಗೆ ಬಳೆ ಕೊಡೋಣವೆಂದು ಅವಳ ಹಳೆಯ ಬಳೆಯೊಂದನ್ನು ಅಳತೆಗೆ ತರಿಸಿಕೊಂಡಿದ್ದೆ. ಅದನ್ನು ಸೀದಾ ಅಂಗಡಿಗೆ ಒಯ್ದು ತೋರಿಸಿದ್ದರೆ ಮುಗಿಯುತ್ತಿತ್ತು. ಚಾರ್ಮಿನಾರಿನ ಕಡೆಯ ಬಳೆಯವರು ಕೈ ನೋಡಿಯೇ ಅಳತೆ ಹೇಳುವ ಜನ, ಬಳೆಯನ್ನೇ ಕೊಟ್ಟರೆ ತಪ್ಪುತ್ತಾರೆಯೇ? ಆದರೆ ಬಳೆ ದಾರಿಯಲ್ಲಿ ಕಳೆದರೆ? ಬಸ್ಸಿನ ನೂಕಾಟದಲ್ಲಿ ಸೊಟ್ಟಗಾದರೆ? ಅಂಗಡಿಯಲ್ಲಿ ಬೇರೆ ಬಳೆಗಳ ಜೊತೆ ಬೆರೆತುಹೋದರೆ? ಹೀಗೆ ಇಲ್ಲದ ಕಷ್ಟಗಳನ್ನು ಮನೆಗೆ ಕರೆದು ಕುರ್ಚಿ ಹಾಕಿ ಕೂರಿಸುವುದು ನನ್ನ ಹುಟ್ಟುಗುಣ. ಅಳತೆಯನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಕ್ಷೇಮವೆಂದು ನನ್ನ ಹಳೆಯ ವರ್ನಿಯರ್ ಕ್ಯಾಲಿಪರನ್ನು ಹುಡುಕಲು ಹೊರಟೆ.

ಸಿಕ್ಕಿತು. ಬಿಸ್ಕತ್ತಿನ ಡಬ್ಬಿಯಲ್ಲಿ, ಗುಂಡಿ, ಸೇಫ್ಟಿ ಪಿನ್ನು, ಫ್ಯೂಸ್ ತಂತಿ, ಯಾವ ಬೀಗದ್ದೆಂದು ಯಾರಿಗೂ ತಿಳಿಯದ ಕೀಲಿಕೈಗಳ ಕೆಳಗೆ ಮಲಗಿತ್ತು. ಒರೆಸಿ ಅದರ ಎರಡು ದವಡೆಗಳನ್ನೂ ಮುಚ್ಚಿದೆ. ಮುಚ್ಚಿದ ವರ್ನಿಯರ್ ಸೊನ್ನೆ ತೋರಿಸಬೇಕು. ನನ್ನದು ಅರ್ಧ ಮಿಲಿಮೀಟರ್ ತೋರಿಸಿತು. ಬಳೆ ಪಕ್ಕಕ್ಕಿಟ್ಟೆ.

ಈ ಅರ್ಧ ಮಿಲಿಮೀಟರಿನ ಸಂಗತಿಯನ್ನು ಹದಿನೆಂಟು ವರ್ಷ ಯಾರಿಗೂ ಹೇಳಿರಲಿಲ್ಲ. ನಿಮಗೆ ಹೇಳುತ್ತೇನೆ. ಹೇಳಲೇಬೇಕಾದವರು ಬೇರೆ ಒಬ್ಬರು ಹಿತ್ತಲ ಪಡಸಾಲೆಯಲ್ಲಿ ಕುಳಿತಿದ್ದರೆಂಬುದು ನಿಜ. ಅವರ ವಿಷಯಕ್ಕೂ ಬರುತ್ತೇನೆ.

ನಾನು ಕುಷಾಯಿಗೂಡದ ಹತ್ತಿರದ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದವಳು. ಇನ್‌ಸ್ಪೆಕ್ಷನ್ ಎಂದರೆ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು. ಅದಕ್ಕೆ ಸಂಬಳವನ್ನೂ ಕೊಡುತ್ತಾರೆಂದು ತಿಳಿದಾಗ ನನ್ನ ತಾಯಿಗೆ ಆಶ್ಚರ್ಯವಾಗಿತ್ತು. ಅಲ್ಲಿಯವರೆಗೆ ಮನೆಯಲ್ಲಿ ಪುಕ್ಕಟೆ ಮಾಡುತ್ತಿದ್ದೆನಲ್ಲ. ನಮ್ಮಲ್ಲಿ ಒಂದು ಪದ್ಧತಿಯಿತ್ತು. ತಪ್ಪು ಕಂಡರೆ ಮಾಡಿದವನನ್ನು ಕರೆದು ಬೈಯುವಂತಿಲ್ಲ. ಕೆಂಪು ಚೀಟಿಯ ಮೇಲೆ ಇರಬೇಕಾದ ಅಳತೆ, ಇರುವ ಅಳತೆ ಬರೆದು, ಸಹಿ ಹಾಕಿ, ವಸ್ತುವಿಗೆ ದಾರದಿಂದ ಕಟ್ಟಿ ಇಟ್ಟುಬಿಡಬೇಕು. ಚೀಟಿ ಇರುವ ಮಾಲು ಗೇಟು ದಾಟುವಂತಿಲ್ಲ. ಆ ಚೀಟಿಯನ್ನು ಕಟ್ಟಿದವರೇ ಬಿಚ್ಚಬೇಕು. ಬೇರೆ ಯಾರೂ, ಮ್ಯಾನೇಜರ್ ಕೂಡ, ಮುಟ್ಟುವ ಹಾಗಿಲ್ಲ. ಮಾತಿಲ್ಲ, ಜಗಳವಿಲ್ಲ. ಬಹಳ ಮರ್ಯಾದೆಯ ಪದ್ಧತಿ ಎಂದು ಆಗ ನನಗೆ ಅನ್ನಿಸುತ್ತಿತ್ತು.

ನಮ್ಮವರು ಅದೇ ಕಾರ್ಖಾನೆಯ ವೈರಿಂಗ್ ವಿಭಾಗದಲ್ಲಿದ್ದರು. ನೂರಾರು ವೈರುಗಳನ್ನು ಸೇರಿಸಿ, ಮೇಣ ಹಚ್ಚಿದ ದಾರದಿಂದ ಹೆಬ್ಬೆರಳಗಲಕ್ಕೊಂದು ಗಂಟು ಹಾಕುತ್ತ ಜಡೆಯ ಹಾಗೆ ಕಟ್ಟುವುದು ಅವರ ಕೆಲಸ. ಅವರ ಜಡೆಗಳಿಗೆ ಆರು ಸಲ ಕೆಂಪು ಚೀಟಿ ಕಟ್ಟಿದ್ದೆ. ಏಳನೆಯ ಸಲ ಜಡೆಯ ಬದಲು ಅವರ ಸೋದರಮಾವ ನಮ್ಮ ಮನೆಗೆ ಬಂದರು, ಸಂಬಂಧ ಕೇಳಿಕೊಂಡು. ಇಷ್ಟು ತಪ್ಪು ಹಿಡಿಯುವ ಹುಡುಗಿ ಯಾಕೆ ಬೇಕು ಎಂದು ಅವರ ಗೆಳೆಯರು ಕೇಳಿದ್ದರಂತೆ. ಮದುವೆಯಾದ ಮೇಲೆ ನಾನೂ ಕೇಳಿದೆ. ನಮ್ಮವರು, ‘ಆಕಿ ಸರಿ ಐತಿ ಅಂದ್ರ ಸರಿ ಇರತೈತಿ, ಮತ್ತ ತಿರುಗಿ ನೋಡೂದು ಬ್ಯಾಡ’ ಎಂದು ಗೆಳೆಯರಿಗೆ ಉತ್ತರ ಕೊಟ್ಟಿದ್ದರಂತೆ. ಆಗ ಆ ಮಾತನ್ನು ಹೊಗಳಿಕೆಯೆಂದು ತಿಳಿದುಕೊಂಡಿದ್ದೆ.

ಅವರ ಊರು ವಾಡಿ, ರೈಲು ಜಂಕ್ಷನ್ನು. ಚಿಕ್ಕವರಿದ್ದಾಗ ಉಗಿಬಂಡಿಯ ಡ್ರೈವರ್ ಒಬ್ಬ ಇವರನ್ನು ಎತ್ತಿ ಇಂಜಿನ್ನಿನ ಒಳಗನ್ನು ತೋರಿಸಿದ್ದನಂತೆ. ತೋರಿಸಿದ, ಹತ್ತಿಸಿಕೊಳ್ಳಲಿಲ್ಲ. ಅಲ್ಲಿಂದ ಇವರಿಗೆ ಬಂಡಿಯ ಹುಚ್ಚಿಗಿಂತ ಬಂಡಿ ಓಡಿಸುವವನು ಕೂರುವ ಜಾಗದ ಹುಚ್ಚು. ಬಸ್ಸು ಹತ್ತಿದರೆ ಡ್ರೈವರನ ಹಿಂದಿನ ಸೀಟೇ ಬೇಕು. ಹೀಗಿರುವಾಗ ಒಂದು ಭಾನುವಾರ ಅಬಿಡ್ಸಿನ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕಗಳ ನಡುವೆ ಎಂಟು ಮಡಿಕೆಯ ಒಂದು ದೊಡ್ಡ ಚಿತ್ರ ಸಿಕ್ಕಿತು. ಬಾಹ್ಯಾಕಾಶ ನೌಕೆಯ ಕಾಕ್‌ಪಿಟ್. ಎರಡು ಸೀಟು, ಮುಂದೆ, ಮೇಲೆ, ಪಕ್ಕದಲ್ಲಿ ಗೋಡೆ ತುಂಬ ಸ್ವಿಚ್ಚುಗಳು, ಮುಳ್ಳಿನ ಡಯಲುಗಳು, ದೀಪಗಳು. ಇವರು ಅದನ್ನು ಊಟದ ಮೇಜಿನ ಮೇಲೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟು, ಊಟ ಮರೆತು ನೋಡುತ್ತ ಕುಳಿತರು. ನಾವು ಆ ದಿನ ನೆಲದ ಮೇಲೆ ಉಂಡೆವು.

ಮುಂದಿನ ಏಳು ವರ್ಷದ ಭಾನುವಾರಗಳು ಅದಕ್ಕೇ ಹೋದವು. ಹತ್ತರಲ್ಲಿ ಒಂದರ ಅಳತೆ. ಇಡೀ ಕಾಕ್‌ಪಿಟ್ ಒಂದು ಹಾರ್ಮೋನಿಯಂ ಪೆಟ್ಟಿಗೆಯಷ್ಟು. ಸ್ವಿಚ್ಚುಗಳೆಲ್ಲ ಗುಂಡುಸೂಜಿಯ ತಲೆಗಳು. ದೊಡ್ಡ ಗುಂಡಿಗೆ ಸಾಸಿವೆ, ಚಿಕ್ಕ ಗುಂಡಿಗೆ ರಾಗಿ, ಬಣ್ಣ ಬಳಿದು ಅಂಟಿಸಿದ್ದು. ಒಗ್ಗರಣೆಗೆ ಸಾಸಿವೆ ಡಬ್ಬಿ ತೆರೆದರೆ ಒಂದೇ ಗಾತ್ರದ ಕಾಳುಗಳೆಲ್ಲ ಮಾಯವಾಗಿ ಚಿಲ್ಲರೆಪಲ್ಲರೆ ಉಳಿದಿರುತ್ತಿತ್ತು. ಸೀಟಿಗೆ ನನ್ನ ಹಳೆಯ ಪರ್ಸಿನ ಚರ್ಮ. ಹಳೆಯದೆಂದು ಅವರು ನಿರ್ಧರಿಸಿದ್ದು. ನನಗೆ ಗೊತ್ತಾಗುವ ಹೊತ್ತಿಗೆ ಅದು ಬಾಹ್ಯಾಕಾಶಕ್ಕೆ ಹೊರಟುಹೋಗಿತ್ತು. ಎಲ್ಲಕ್ಕಿಂತ ಹೆಚ್ಚಿನದು ಹಿಂಬದಿ. ಫಲಕದ ಹಿಂದೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಕೂದಲೆಳೆಯಂಥ ವೈರುಗಳನ್ನು ಎಳೆದು ನಮ್ಮ ಕಾರ್ಖಾನೆಯಂತೆಯೇ ಜಡೆ ಕಟ್ಟಿದ್ದರು, ಗಂಟಿಗೆ ಗಂಟು ಸಮದೂರ. ಮುಚ್ಚಿಹೋಗುವ ಕಡೆ ಇದನ್ನೆಲ್ಲ ಯಾರು ನೋಡುತ್ತಾರೆಂದು ಕೇಳಿದೆ.

‘ನೀ ನೋಡತಿಯಲ್ಲ’ ಎಂದರು.

ನೋಡಿದೆ. ಎಂಟನೆಯ ಗಂಟು ಸ್ವಲ್ಪ ಓರೆಯಾಗಿತ್ತು. ತಮಾಷೆಗೆ ಬೆರಳಗಲದ ಕೆಂಪು ಕಾಗದದ ಮೇಲೆ ಬರೆದು ಕಟ್ಟಿದೆ. ಅವರು ನಕ್ಕು ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದರು, ಚೀಟಿಯನ್ನು ನಾನೇ ಬಿಚ್ಚಿದೆ. ಹಾಗೆ ಶುರುವಾಯಿತು, ಮನೆಯಲ್ಲೂ ಕೆಂಪು ಚೀಟಿ. ಅಳೆಯಲು ಈ ವರ್ನಿಯರ್. ಕಾರ್ಖಾನೆಯಲ್ಲಿ ಯಾರೋ ಇದನ್ನು ಕೆಳಗೆ ಕೆಡವಿ ದವಡೆ ಕೆಟ್ಟು, ಅರ್ಧ ಮಿಲಿಮೀಟರ್ ಹೆಚ್ಚು ತೋರಿಸುತ್ತದೆಂದು ಗುಜರಿಗೆ ಹಾಕಿದ್ದರು. ಗುಜರಿಯ ಹರಾಜಿನಲ್ಲಿ ಕೇಳಿ ತಂದಿದ್ದೆ. ಬಂದ ಅಳತೆಯಲ್ಲಿ ಅರ್ಧ ಕಳೆದರಾಯಿತು, ಅದಕ್ಕೇನು ಮಹಾ ಗಣಿತ?

ಕಳೆಯುವ ಮಾತು ಬಂದಾಗ ಅವ್ವನ ನೆನಪಾಗುತ್ತದೆ. ಸೇಡಂನ ನಮ್ಮ ಮನೆಯ ಮುಂದೆ ಶಹಾಬಾದ್ ಕಲ್ಲಿನ ಕಟ್ಟೆ. ಪಕ್ಕದ ಮನೆಯವರಿಗೆ ಜೋಳ ಅಳೆದು ಕೊಡುವಾಗ ಅವ್ವ ಸೇರು ತುಂಬಿ, ಅಂಗೈಯಿಂದ ಸಮ ಮಾಡಿ, ಆಮೇಲೆ ಒಂದು ಹಿಡಿ ಮೇಲೆ ಹಾಕುತ್ತಿದ್ದಳು. ಸಮ ಮಾಡಿದ ಮೇಲೆ ಮತ್ತೆ ಯಾಕೆ ಹಾಕುತ್ತೀ, ಅಳತೆ ಕೆಟ್ಟಿತಲ್ಲ ಎಂದು ನಾನು ಕಟ್ಟೆಯ ಮೇಲೆ ನಿಂತು ಅಳುವಷ್ಟು ಹಟ ಮಾಡುತ್ತಿದ್ದೆ. ಕೆಟ್ಟಿದ್ದು ಅಳತೆಯಲ್ಲ, ನಿನ್ನ ತಲೆ ಎಂದು ಅವಳು ನಗುತ್ತಿದ್ದಳು. ಅವಳ ಆ ಹಿಡಿಯನ್ನು ನಾನು ಕಲಿಯಲೇ ಇಲ್ಲ. ಕಲಿತದ್ದು ಅಂಗೈಯಿಂದ ಸಮ ಮಾಡುವುದನ್ನು ಮಾತ್ರ.

ಚಿತ್ರದ ಮಾತಿಗೆ ಬರುತ್ತೇನೆ. ಮಡಿಕೆ ಬಿದ್ದ ಕಡೆ ಬಣ್ಣ ಉದುರಿ ಒಂದು ಸಾಲು ಸ್ವಿಚ್ಚುಗಳು ಅಳಿಸಿಹೋಗಿದ್ದವು. ಅಲ್ಲಿ ಏನಿತ್ತೋ ದೇವರಿಗೇ ಗೊತ್ತು. ಇವರು ನನ್ನನ್ನು ಕೇಳಿದರು. ಆ ಹೊತ್ತಿಗೆ ನನ್ನ ಒಂದು ಚಾಳಿ ಬೀದಿಗೆಲ್ಲ ಗೊತ್ತಿತ್ತು: ಮನೆಯಿಂದ ಹೊರಟು ಬಸ್ ಸ್ಟಾಪು ಮುಟ್ಟಿದ ಮೇಲೆ ಗ್ಯಾಸ್ ಬಂದ್ ಮಾಡಿದ್ದೆನೋ ಇಲ್ಲವೋ ಎಂಬ ಅನುಮಾನ ಹುಟ್ಟಿ ತಿರುಗಿ ಓಡುವುದು. ಗ್ಯಾಸ್ ಆದರೆ ನೀರಿನ ಮೋಟರು, ಮೋಟರು ಆದರೆ ಇಸ್ತ್ರಿ ಪೆಟ್ಟಿಗೆ, ಅದೂ ಆದರೆ ಬಾಗಿಲ ಕೀಲಿ. ಹಾಗಾಗಿ ಆ ಸಾಲಿನಲ್ಲಿ ಗ್ಯಾಸಿನ ಸ್ವಿಚ್ ಇರಲಿ ಎಂದು ಹೇಳಿದೆ. ಇವರು ನಿಜವಾಗಿಯೂ ನಾಲ್ಕು ಸ್ವಿಚ್ ಇಟ್ಟರು. ಗ್ಯಾಸು, ಮೋಟರು, ಇಸ್ತ್ರಿ, ಕೀಲಿ. ನಾಲ್ಕೂ ಕೆಳಮುಖ, ಎಂದರೆ ಬಂದ್. ಆಮೇಲೆ ಬಸ್ ಸ್ಟಾಪಿನಲ್ಲಿ ನನ್ನ ಮುಖ ಸಣ್ಣಗಾದರೆ ಸಾಕು, ಪಕ್ಕದಿಂದ ಮೆಲ್ಲಗೆ, ‘ನೌಕೆದಾಗ ಬಂದ್ ಐತಿ, ಬಸ್ ಹತ್ತು’ ಎನ್ನುತ್ತಿದ್ದರು. ನೀವು ನಂಬಲಿಕ್ಕಿಲ್ಲ, ನಾನು ಹತ್ತುತ್ತಿದ್ದೆ. ಇದ್ದ ಹುಚ್ಚಿಗೆ ಅಷ್ಟೇ ಹುಚ್ಚಿನ ಮದ್ದು.

ಅದು ಇಡೀ ಊರು ಮಾದಾಪುರದ ಕಡೆ ಮುಖ ಮಾಡಿ ನಿಂತ ಕಾಲ. ಬಂಡೆ ಒಡೆದ ಜಾಗದಲ್ಲಿ ಬೆಳಗಾಗುವುದರೊಳಗೆ ಗಾಜಿನ ಕಟ್ಟಡ. ಕುಷಾಯಿಗೂಡದ ಗೋಡೆಗಳ ಮೇಲೆಲ್ಲ ಕಂಪ್ಯೂಟರ್ ಕೋರ್ಸಿನ ಜಾಹೀರಾತು. ನಮ್ಮ ಕಾರ್ಖಾನೆಯಲ್ಲಿ ಸ್ವಯಂನಿವೃತ್ತಿಯ ಸುತ್ತೋಲೆ ಬರುತ್ತಿತ್ತು, ಕೈಯಲ್ಲಿ ಮಾಡುವ ಕೆಲಸಕ್ಕೆ ಇನ್ನು ಕಾಲವಿಲ್ಲವೆಂದು ಕ್ಯಾಂಟೀನಿನಲ್ಲಿ ಮಾತು. ನಮ್ಮವರು ಅದನ್ನು ಕೇಳಿಸಿಕೊಂಡು ಮನೆಗೆ ಬಂದು ಗುಂಡುಸೂಜಿ ಕತ್ತರಿಸುತ್ತಿದ್ದರು.

ನಮ್ಮ ಮೇಲಿನ ಮನೆಗೆ ಆಗ ರಾಜ್ಯಲಕ್ಷ್ಮಿ ಎಂಬ ಹುಡುಗಿ ಬಾಡಿಗೆಗೆ ಬಂದಳು. ವಿಜಯವಾಡದ ಕಡೆಯವಳು, ಮಾದಾಪುರದ ಒಂದು ಸಾಫ್ಟ್‌ವೇರ್ ಆಫೀಸಿನಲ್ಲಿ ಕೆಲಸ. ಒಂದು ದಿನ ನೀರು ಬರುತ್ತಿಲ್ಲವೆಂದು ಹೇಳಲು ಕೆಳಗೆ ಬಂದವಳು ಮೇಜಿನ ಮೇಲಿನ ಕಾಕ್‌ಪಿಟ್ ನೋಡಿ ನೀರು ಮರೆತು ಒಂದು ಗಂಟೆ ಮಂಡಿಯೂರಿ ಕುಳಿತಳು. ಅವರ ಆಫೀಸಿನ ಹೊಸ ಅಂತಸ್ತು ತೆರೆಯುವುದಿತ್ತು. ಒಳಗೆ ಬರುತ್ತಲೇ ಕಾಣುವಂತೆ ಏನಾದರೂ ಇಡಬೇಕೆಂದು ಹುಡುಕುತ್ತಿದ್ದರಂತೆ. ಅವಳು ಫೋಟೋ ಒಯ್ದು ತೋರಿಸಿದಳು. ಗಾಜಿನ ಪೆಟ್ಟಿಗೆ ಮಾಡಿಸುತ್ತೇವೆ, ಕೆಳಗೆ ಹಿತ್ತಾಳೆ ಫಲಕದ ಮೇಲೆ ಅಂಕಲ್ ಹೆಸರು ಹಾಕಿಸುತ್ತೇವೆ ಎಂದು ತೆಲುಗಿನಲ್ಲಿ ಹೇಳಿದಳು. ನಮ್ಮವರು ಕನ್ನಡದಲ್ಲಿ ನಕ್ಕರು. ಹಾಗೆ ಅನ್ನಬಾರದೇನೋ, ಆದರೆ ಅವರು ಹಾಗೆ ಬಾಯಿ ತುಂಬ ನಗುವುದು ವಾಡಿಯ ಜನರ ನಡುವೆ ಮಾತ್ರ.

ವ್ಯಾನು ಬರುವ ದಿನ ಬೆಳಿಗ್ಗೆ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ತಯಾರಾಗಿದ್ದರು. ನಾನು ತಯಾರಾಗಿರಲಿಲ್ಲ. ನಾನು ಹಿಂದಿನ ವಾರದಿಂದಲೂ ಯೋಚಿಸುತ್ತಿದ್ದೆ. ಉದ್ಘಾಟನೆಗೆ ದೊಡ್ಡವರು ಬರುತ್ತಾರೆ. ಈ ಊರಿನಲ್ಲಿ ಕಲ್ಲೆಸೆದರೆ ವಿಜ್ಞಾನಿಯ ಮನೆಗೆ ಬೀಳುತ್ತದೆ. ಅವರಲ್ಲೊಬ್ಬರು ಬಂದು ಬಗ್ಗಿ ನೋಡಿದರೆ? ಸಾಸಿವೆ ಕಾಳನ್ನು ಗುರುತಿಸಿದರೆ? ಗ್ಯಾಸಿನ ಸ್ವಿಚ್ಚನ್ನು ಓದಿದರೆ? ಗಾಜಿನ ಕಟ್ಟಡದ ಆ ಇಂಗ್ಲಿಷಿನ ಜನರೆಲ್ಲ ಹಿತ್ತಾಳೆಯ ಮೇಲಿನ ಹೆಸರು ಓದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರೆ? ಅಲ್ಲಿ ಇವರು ಇಸ್ತ್ರಿ ಅಂಗಿಯಲ್ಲಿ ನಿಂತಿರುವುದು ನನಗೆ ಕಣ್ಣಿಗೆ ಕಟ್ಟಿತ್ತು.

ಕೊನೆಯದಾಗಿ ಕೂರಿಸಿದ ಸೀಟುಗಳನ್ನು ನಾನಿನ್ನೂ ಅಳೆದಿರಲಿಲ್ಲ. ವರ್ನಿಯರ್ ಹಿಡಿದು ಅಳೆದೆ. ಚಿತ್ರ ನೋಡಿ ಅವರು ಬರೆದುಕೊಂಡಿದ್ದ ನಕ್ಷೆಯಲ್ಲಿ ಸೀಟಿನ ಅಗಲ ನಲವತ್ತೆಂಟು ಮಿಲಿಮೀಟರ್. ಬಂದದ್ದು ನಲವತ್ತೆಂಟೂವರೆ. ಇನ್ನೊಂದು ಸೀಟು, ಅದೂ ನಲವತ್ತೆಂಟೂವರೆ. ಕೆಂಪು ಚೀಟಿ ಬರೆದೆ, ಸಹಿ ಹಾಕಿದೆ, ಅವರದೇ ಮೇಣದ ದಾರ ತೆಗೆದುಕೊಂಡು ಬಲಗಡೆಯ ಸೀಟಿಗೆ ಕಟ್ಟಿದೆ. ಒಂದು ಕ್ಷಣವೂ ಕೈ ನಿಲ್ಲಲಿಲ್ಲ.

ಅವರು ಚೀಟಿ ಓದಿದರು. ನನ್ನ ಕೈಯಲ್ಲಿದ್ದ ವರ್ನಿಯರ್ ನೋಡಿದರು. ನನ್ನನ್ನು ನೋಡಿದರು. ಆಮೇಲೆ ಹೊರಗೆ ಹೋಗಿ, ವ್ಯಾನಿನ ಪಕ್ಕ ನಿಂತಿದ್ದ ರಾಜ್ಯಲಕ್ಷ್ಮಿಗೆ, ಇನ್ನೂ ಸ್ವಲ್ಪ ಕೆಲಸವಿದೆಯಮ್ಮ, ಈಗ ಕಳಿಸಲಿಕ್ಕಾಗದು ಎಂದರು. ಅವಳು ಬಹಳ ಕೇಳಿಕೊಂಡಳು. ಅವರು ಒಪ್ಪಲಿಲ್ಲ. ಚೀಟಿ ಇರುವ ಮಾಲು ಗೇಟು ದಾಟುವುದಿಲ್ಲ, ನಿಯಮದ ಮನುಷ್ಯ ಎಂದು ಕಿಟಕಿಯ ಹಿಂದೆ ನಿಂತು ನಾನು ಅಂದುಕೊಂಡೆ. ನಿಜ ಹೇಳಬೇಕೆಂದರೆ ಎದೆ ಹಗುರವಾಗಿತ್ತು. ಹೊಸ ಅಂತಸ್ತಿನಲ್ಲಿ ಆ ಜಾಗಕ್ಕೆ ಒಂದು ಗಾಜಿನ ಕಾರಂಜಿ ತಂದಿಟ್ಟರೆಂದು ಆಮೇಲೆ ಕೇಳಿದೆ.

ಎಂಟು ದಿನದ ಮೇಲೆ ಮಿಕ್ಸರಿನ ಒಂದು ಪಿನ್ನು ತುಂಡಾಗಿ, ಅಳೆದು, ಹೊಸದನ್ನು ತಂದೆ. ಕೂರಲಿಲ್ಲ. ಅಂಗಡಿಗೆ ಹೋಗಿ ನಾಲ್ಕು ಜನರೆದುರು ಅಂಗಡಿಯವನಿಗೆ ಅಳತೆಯ ಶಾಸ್ತ್ರ ಬೋಧಿಸಿದೆ. ಅವನು ಸಾವಧಾನವಾಗಿ ನನ್ನ ವರ್ನಿಯರ್ ಇಸಿದುಕೊಂಡು, ದವಡೆ ಮುಚ್ಚಿ, ನನ್ನ ಕಣ್ಣ ಮುಂದೆ ಹಿಡಿದ.

‘ಅಮ್ಮಾ, ಮೀ ಸ್ಕೇಲೇ ತಪ್ಪು’ ಎಂದ, ತಪ್ಪಿರುವುದು ನಿಮ್ಮ ಅಳತೆಗೋಲೇ ಎಂದು.

ಅಲ್ಲಿಂದ ಮನೆಗೆ ಹೇಗೆ ಬಂದೆನೋ ನೆನಪಿಲ್ಲ. ಪಿನ್ನಿನ ಅಳತೆಯಲ್ಲಿ ಅರ್ಧ ಕಳೆಯುವುದನ್ನು ಮರೆತಿದ್ದೆ. ಆ ಬೆಳಿಗ್ಗೆ ಸೀಟಿನದರಲ್ಲೂ ಮರೆತಿದ್ದೆ. ಏಳು ವರ್ಷ, ಒಂದು ಸಲವೂ ಮರೆಯದವಳು.

ಮನೆಗೆ ಬಂದೊಡನೆ ಹೇಳಿಬಿಡಬೇಕಿತ್ತು. ಆ ದಿನ ಅವರಿಗೆ ತಲೆನೋವಿತ್ತು, ನಾಳೆ ಹೇಳೋಣವೆಂದುಕೊಂಡೆ. ನಾಳೆ ಅವರ ಮಾವ ಬಂದರು. ವಾರ ಕಳೆಯಿತು, ಇಷ್ಟು ದಿನ ಯಾಕೆ ಹೇಳಲಿಲ್ಲವೆಂದು ಕೇಳಿದರೆ ಎಂಬ ಹೊಸ ಚಿಂತೆ ಸೇರಿಕೊಂಡಿತು. ತಿಂಗಳಾದ ಮೇಲೆ ಅವರು ಕಾಕ್‌ಪಿಟ್ಟನ್ನು ಹಳೆಯ ಧೋತರದಲ್ಲಿ ಸುತ್ತಿ ಅಲ್ಮಾರಿಯ ಮೇಲಿಟ್ಟರು, ಚೀಟಿಯ ಸಮೇತ. ಚಿಮಟ, ಅಂಟು, ಬಣ್ಣದ ಸೀಸೆಗಳನ್ನೆಲ್ಲ ಕಾರ್ಖಾನೆಯ ಯಾರಿಗೋ ಕೊಟ್ಟರು. ಸೀಟನ್ನು ಅರ್ಧ ಮಿಲಿಮೀಟರ್ ಉಜ್ಜಿ ಸರಿಮಾಡಲು ಅವರಿಗೆ ಒಂದು ಮಧ್ಯಾಹ್ನ ಸಾಕಿತ್ತು. ಮಾಡಲಿಲ್ಲ. ಯಾಕೆ ಮಾಡಲಿಲ್ಲವೆಂದು ನಾನು ಕೇಳಲೂ ಇಲ್ಲ, ಕೇಳುವ ಮುಖ ನನಗಿರಲಿಲ್ಲ. ಮತ್ತೊಂದು ಸಂಗತಿ ಬಹಳ ತಡವಾಗಿ ಗಮನಕ್ಕೆ ಬಂತು. ಬಸ್ ಸ್ಟಾಪಿನಲ್ಲಿ ನಾನು ಗ್ಯಾಸಿನ ಮಾತೆತ್ತಿದರೆ ಅವರು ಈಗ ನೌಕೆಯ ಹೆಸರು ಹೇಳುತ್ತಿರಲಿಲ್ಲ. ಸುಮ್ಮನೆ ಕೀಲಿಕೈ ಇಸಿದುಕೊಂಡು ಮನೆಗೆ ಹೋಗಿ ನೋಡಿ ಬರುತ್ತಿದ್ದರು.

ಹೀಗೆ ಹದಿನೆಂಟು ವರ್ಷ. ಅವರು ನಿವೃತ್ತರಾದರು. ಈಗ ಬೆರಳು ನಡುಗುತ್ತವೆ, ಅಂಗಿಯ ಗುಂಡಿ ಹಾಕಿಕೊಳ್ಳಲು ಹೊತ್ತು ಹಿಡಿಯುತ್ತದೆ. ಈ ದಿನ ಬಳೆ, ಡಬ್ಬಿ, ವರ್ನಿಯರ್ ಎಲ್ಲ ಬಿಟ್ಟು ನಾನು ಹಿತ್ತಲ ಪಡಸಾಲೆಗೆ ಹೋದಾಗ ಅವರು ಪುಂಡಿಪಲ್ಲೆಯ ಸೊಪ್ಪು ಸೋಸುತ್ತ ಕುಳಿತಿದ್ದರು. ನಿಂತೇ ಹೇಳಿದೆ. ಕೂತರೆ ಹೇಳಲಾರೆನೆಂಬ ಭಯ.

‘ರೀ, ಅವತ್ತು ಸೀಟು ಸರಿ ಇದ್ದವು. ನಾ ಅರ್ಧ ಕಳೀಲಿಲ್ಲ.’

‘ಗೊತ್ತೈತಿ’ ಎಂದರು, ಎಲೆ ಹರಿಯುತ್ತಲೇ.

‘ಯಾವಾಗಿಂದ?’

‘ಅವತ್ತಿಂದಾನೇ. ಚೀಟಿ ಓದಿದ ಕೂಡಲೇ.’

ಪಕ್ಕದಲ್ಲಿ ಕುಳಿತೆ. ಹಾಗಿದ್ದರೆ ಯಾಕೆ ಹೇಳಲಿಲ್ಲವೆಂದು ಕೇಳಿದೆ. ಅವರು ಕೈಯಲ್ಲಿದ್ದ ಕಡ್ಡಿಯ ಎಲೆಯನ್ನೆಲ್ಲ ತೆಗೆದು ಮುಗಿಸಿದರು.

‘ಅರ್ಧ ಕಳಿಯೂದು ಮರಿಯಾಕಿ ಅಲ್ಲ ನೀ. ಮರತೀ ಅಂದ್ರ ಬೇಕಂತೇ ಮರತಿರಬೇಕು ಅಂದ್ಕೊಂಡೆ. ನಾಕು ಮಂದಿ ಮುಂದ ಇಡೂವಂಥ ಕೆಲಸ ಅಲ್ಲ ಅಂತ ಬಾಯಿಬಿಟ್ಟು ಹೇಳಾಕ ಆಗಲಾರದ ಚೀಟಿ ಕಟ್ಟೀ ಅಂತ. ಸರಿ ಐತಿ ಅಂತ ನೀ ಅನ್ನಲಿಲ್ಲ ಅಂದಮ್ಯಾಲ ಮುಗೀತಲ್ಲ.’

ನಾನು ತಪ್ಪು ಮಾಡಬಲ್ಲೆನೆಂದು ಆ ಮನುಷ್ಯನಿಗೆ ಹೊಳೆದೇ ಇರಲಿಲ್ಲ. ಜಗತ್ತಿನಲ್ಲಿ ಒಬ್ಬರಿಗಾದರೂ ನನ್ನ ಮೇಲೆ ಅಷ್ಟು ನಂಬಿಕೆ ಇತ್ತು, ಅದನ್ನು ನಾನು ಈ ಕೆಲಸಕ್ಕೆ ಬಳಸಿದೆ. ಬೇಕೆಂದೇ ಮರೆತೆನೇ? ಈಗ ಎಷ್ಟು ಕೆದಕಿದರೂ ನನಗೆ ತಿಳಿಯದು. ಕೆಲಸ ಚೆನ್ನಾಗಿಲ್ಲವೆಂದು ನನಗೆ ಒಂದು ದಿನವೂ ಅನ್ನಿಸಿರಲಿಲ್ಲ. ನಗುವವರು ನಕ್ಕರೆ ಎಂದು ಅಂಜಿದ್ದೆ, ಅಷ್ಟೇ. ಅದನ್ನೇ ತಡೆತಡೆದು ಹೇಳಿದೆ. ಅವರು ಕೇಳಿಸಿಕೊಂಡರು.

‘ಹಂಗಾದ್ರ ಕೆಳಗ ಇಳಿಸು. ಚೀಟಿ ಬಿಚ್ಚು.’

ಸ್ಟೂಲು ಹತ್ತಿ ಇಳಿಸಿದೆ. ಧೋತರ ಹಳದಿಯಾಗಿತ್ತು. ಒಳಗೆ ರಾಗಿಯ ಗುಂಡಿಗಳು ಅರ್ಧಕ್ಕರ್ಧ ಉದುರಿ ಮೂಲೆಯಲ್ಲಿ ಕೂಡಿದ್ದವು. ನಾಲ್ಕು ಸ್ವಿಚ್ಚುಗಳು ಇದ್ದ ಹಾಗೇ ಇದ್ದವು, ಕೆಳಮುಖವಾಗಿ. ಕೆಂಪು ಚೀಟಿ ಬಿಳಿಚಿತ್ತು, ನನ್ನ ಸಹಿ ಮಾತ್ರ ನೆಟ್ಟಗಿತ್ತು. ಗಂಟು ಅವರೇ ಮದುವೆಯ ಹೊಸದರಲ್ಲಿ ನನಗೆ ಕಲಿಸಿದ್ದು, ಎಳೆದಷ್ಟೂ ಬಿಗಿಯುವಂಥದು. ಉಗುರು ಹಾಕಿದರೆ ಬರಲಿಲ್ಲ. ಕತ್ತರಿ ತರಲು ಎದ್ದರೆ ಬೇಡವೆಂದರು. ಅವರ ಬೆರಳು ಗಂಟಿನ ಮೇಲೆ ನಿಲ್ಲುತ್ತಿರಲಿಲ್ಲ. ಹಿಂದಿನ ಎಳೆಯನ್ನು ಮೊದಲು ಒಳಗೆ ನೂಕಬೇಕೆಂದು ಬಾಯಲ್ಲಿ ಹೇಳಿಕೊಟ್ಟರು, ನಾನು ನೂಕಿದೆ. ಗಂಟು ಸಡಿಲಿತು. ಅದರ ಜೊತೆಗೆ ಬಲಗಡೆಯ ಸೀಟೂ ಅಂಟು ಬಿಟ್ಟು ನನ್ನ ಅಂಗೈಗೆ ಬಂತು.

‘ಅಳಿ’ ಎಂದರು.

ವರ್ನಿಯರ್ ತಂದು ಅಳೆದೆ. ನಲವತ್ತೆಂಟೂವರೆ. ಅರ್ಧ ಕಳೆದೆ. ಕಾರ್ಖಾನೆಯಲ್ಲಿ ಹೇಳುತ್ತಿದ್ದ ಹಾಗೆ ಗಟ್ಟಿಯಾಗಿ, ‘ನಲವತ್ತೆಂಟು’ ಎಂದೆ. ಅವರು ತಲೆಯಾಡಿಸಿ ಪುಂಡಿಯ ಇನ್ನೊಂದು ಕಡ್ಡಿ ಎತ್ತಿಕೊಂಡರು.

‘ಎಡಗಡೀದು?’

ಎಡಗಡೆಯದು ಇನ್ನೂ ತನ್ನ ಜಾಗದಲ್ಲೇ ಗಟ್ಟಿಯಾಗಿ ಕುಳಿತಿತ್ತು. ಬಗ್ಗಿ ದವಡೆಗಳನ್ನು ಅದರ ಎರಡೂ ಬದಿಗೆ ಹಿಡಿದೆ. ಗೆರೆಗಳು ಒಂದರೊಳಗೊಂದು ಕಲಸಿಹೋಗಿದ್ದವು, ಕಣ್ಣು ಒರೆಸಿಕೊಂಡರೂ ಕಾಣಲಿಲ್ಲ. ಇಷ್ಟು ವರ್ಷದ ನೌಕರಿಯಲ್ಲಿ ನಾನು ಕಣ್ಣಾರೆ ಓದದ ಅಳತೆಯನ್ನು ಒಮ್ಮೆಯೂ ಬಾಯಿಂದ ಹೇಳಿದವಳಲ್ಲ.

‘ಅದೂ ನಲವತ್ತೆಂಟರಿ’ ಎಂದೆ.